ಹಿಂಜವಡಿಯ ಇನ್‌ಸೈಟ್ ಡೇ: ಮಧ್ಯಾಹ್ನದ ಮೇಲೆ ಬೆಲೆ ಬರುವ ದಿನ

ಪುಣೆಯ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯೊಂದು ಒಳಗಿನ ಕೆಲಸವನ್ನು ಒಂದು ದಿನ ಹತ್ತಿರದಿಂದ ತೋರಿಸಲು ವಿದ್ಯಾರ್ಥಿಗಳಿಗಾಗಿ ನಡೆಸುವ ಈ ಇನ್‌ಸೈಟ್ ಡೇ, ಬೆಳಗಾವಿ, ವಿಜಯಪುರ ಕಡೆಯಿಂದ ಬಂದು ಇಲ್ಲಿ ಓದುತ್ತಿರುವವರಿಗೆ ಖಂಡಿತ ಉಪಯುಕ್ತ. ಬೆಳಗಿನ ಎಚ್‌ಆರ್ ಸ್ಲೈಡುಗಳಲ್ಲಿ ಹೊಸದೇನಿಲ್ಲ, ಎಲ್ಲ ವೆಬ್‌ಸೈಟಿನಲ್ಲೇ ಇದೆ. ಊಟವಾದ ಮೇಲೆ ಟೀಮಿನವರ ಪಕ್ಕ ಕೂರಿಸುತ್ತಾರಲ್ಲ, ಬೆಲೆ ಇರುವುದು ಅದಕ್ಕೆ. ಒಂದು ಬಗ್ ಟಿಕೆಟ್ (ಸಾಫ್ಟ್‌ವೇರ್ ದೋಷದ ದೂರು) ಯಾರ ಪಾಲಿಗೆ ಹೋಗುತ್ತದೆ, ಅದಕ್ಕೆ ಬರೆದ ಕೋಡ್ ರಿವ್ಯೂನಲ್ಲಿ, ಅಂದರೆ ಸಹೋದ್ಯೋಗಿಗಳ ಪರಿಶೀಲನೆಯಲ್ಲಿ, ಏಕೆ ವಾಪಸಾಗುತ್ತದೆ, ಟೆಸ್ಟಿಂಗ್ ದಾಟಿ ಹೇಗೆ ರಿಲೀಸ್ ಆಗುತ್ತದೆ ಎಂಬುದನ್ನು ಯಾವ ಕಾಲೇಜೂ ಹೀಗೆ ಕಣ್ಣಾರೆ ತೋರಿಸುವುದಿಲ್ಲ. ಅಲ್ಲಿರುವ ಹೊಸ ನೌಕರರನ್ನೇ ಕೇಳಿ: ತರಬೇತಿ ಎಷ್ಟು ತಿಂಗಳು, ಪ್ರಾಜೆಕ್ಟ್ ಸಿಗದೆ ಬೆಂಚಿನಲ್ಲಿ ಎಷ್ಟು ದಿನ, ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್ ಉಂಟೋ? ಇದೇ ಪ್ರಶ್ನೆಗೆ ಎಚ್‌ಆರ್ ಕೊಡುವುದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ.

ತೊಡಕಾಗುವುದು ಗೇಟಿನಲ್ಲಿ. ನೋಂದಣಿಯ ಹೆಸರು ಗುರುತಿನ ಚೀಟಿಗೆ ಹೊಂದದಿದ್ದರೆ ಪಾಸ್ ತಡವಾಗುತ್ತದೆ. ನಮ್ಮವರ ಇನಿಷಿಯಲ್ಲು, ಅಡ್ಡಹೆಸರುಗಳು ಸಿಕ್ಕಿಬೀಳುವುದು ಇಲ್ಲೇ, ಆದ್ದರಿಂದ ಆಧಾರ್‌ನಲ್ಲಿ ಇದ್ದಂತೆಯೇ ತುಂಬಿ. ಮೂಲ ಕಾರ್ಡ್ ಜೊತೆಗಿರಲಿ, ಪೆನ್‌ಡ್ರೈವ್ ಬೇಡ. ಲ್ಯಾಪ್‌ಟಾಪ್ ಒಯ್ದರೆ ಸೀರಿಯಲ್ ನಂಬರ್ ಬರೆಸಬೇಕು. ಬೆಳಿಗ್ಗೆ 9ರ ಹೊತ್ತಿಗೆ ಹಿಂಜವಡಿಯ ದಾರಿಯಲ್ಲಿರುವ ವಾಕಡ್ ಸೇತುವೆಯ ಬಳಿ ವಾಹನಗಳು ತೆವಳುತ್ತವೆ, 8ಕ್ಕೆ ಮುಂಚೆಯೇ ದಾಟಿಬಿಡಿ. ಪ್ರವೇಶ ಉಚಿತ, ನೋಂದಣಿ ಶುಲ್ಕ ಕೇಳುವ ವಾಟ್ಸಾಪ್ ಸಂದೇಶ ಬಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ.