ಲಂಡನ್‌ನಿಂದ ಟುಲಿಪ್ ತೋಟಕ್ಕೆ: ಬಸ್ಸು, ರೈಲು, ಹಡಗು ಮೂರರಲ್ಲೂ ಹೋಗಿ ಬಂದೆವು

ಮೊದಲೇ ಹೇಳಿಬಿಡುತ್ತೇನೆ. ಮೂರು ದಿನದ ರಜೆಗೆ ಲಂಡನ್‌ನಿಂದ ಹಾಲೆಂಡಿಗೆ ಹೋಗುವುದಾದರೆ ರಾತ್ರಿ ಹಡಗು ಹತ್ತಿ. ಬಸ್ಸು ಬೇಡ. ರೈಲು ಚೆನ್ನಾಗಿದೆ, ಆದರೆ ದುಡ್ಡೂ ಹೋಗುತ್ತದೆ, ಅರ್ಧ ದಿನವೂ ಹೋಗುತ್ತದೆ.

ನಾವು ವಿಮಾನವನ್ನು ಊರಿಗೆ ಹೋಗುವುದಕ್ಕೆ ಮಾತ್ರ ಅಂತ ಇಟ್ಟುಕೊಂಡಿದ್ದೇವೆ. ಅದನ್ನು ಬಿಡೋಕೆ ಆಗಲ್ಲ, ಮೈಸೂರಿನಲ್ಲಿ ಅಮ್ಮ ಇದ್ದಾರೆ. ಯುರೋಪಿನ ಒಳಗೆ ಓಡಾಡುವುದಕ್ಕೂ ವಿಮಾನ ಹತ್ತಿ ಅಷ್ಟು ಹೊಗೆ ಬಿಡಬೇಕಾ ಅಂತ ಅನ್ನಿಸಿತು. ಹಾಗಾಗಿ ಮಗಳ ಈಸ್ಟರ್ ರಜೆಯಲ್ಲಿ ಮೂರು ಸಲ ಒಂದೇ ಜಾಗಕ್ಕೆ, ಹಾಲೆಂಡಿನ ಲಿಸ್ಸೆ ಊರಿನ ಕ್ಯೂಕೆನ್‌ಹಾಫ್ ಟುಲಿಪ್ ತೋಟಕ್ಕೆ, ಮೂರು ದಾರಿಯಲ್ಲಿ ಹೋದೆವು.

2022ರಲ್ಲಿ ಬಸ್ಸು. ಬೆಂಗಳೂರಿನಲ್ಲಿ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಊರಲ್ಲಿ ಇಳಿದು ಬೆಳೆದವರು ನಾವು, ಇದೇನು ಮಹಾ ಅಂದುಕೊಂಡೆವು. ಟಿಕೆಟ್ಟೂ ಮೂರರಲ್ಲಿ ಇದೇ ಅಗ್ಗ. ವಿಕ್ಟೋರಿಯಾ ಬಸ್ ನಿಲ್ದಾಣದಿಂದ ರಾತ್ರಿ ಹೊರಟೆವು. ಕಣ್ಣು ಹತ್ತುವ ಹೊತ್ತಿಗೆ ಡೋವರ್ ಬಂದರು ಬಂತು. ಅಲ್ಲಿ ಎಲ್ಲರೂ ಇಳಿದು ಪಾಸ್‌ಪೋರ್ಟ್ ತೋರಿಸಬೇಕು, ಮತ್ತೆ ಹತ್ತಬೇಕು, ಬಸ್ಸು ಹಡಗಿನೊಳಗೆ ಹೋದ ಮೇಲೆ ಮತ್ತೆ ಇಳಿಯಬೇಕು, ಏಕೆಂದರೆ ಸಮುದ್ರ ದಾಟುವಾಗ ಯಾರೂ ಬಸ್ಸಿನಲ್ಲಿ ಕೂತಿರುವ ಹಾಗಿಲ್ಲ. ದಾಟಲು ಒಂದೂವರೆ ಗಂಟೆ. ನಿದ್ದೆಗಣ್ಣಿನ ನಾಲ್ಕು ವರ್ಷದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮಧ್ಯರಾತ್ರಿ ಮೆಟ್ಟಿಲು ಹತ್ತಿ ಇಳಿದಿದ್ದು ಇವತ್ತಿಗೂ ಮರೆತಿಲ್ಲ. ಬಂದರಿನ ಸಾಲು ಬೇರೆ ಉದ್ದ ಇತ್ತು. ತೋಟ ಮುಟ್ಟಿದಾಗ ಮಧ್ಯಾಹ್ನ ಆಗಿತ್ತು. ಮಗಳು ಹೂವಿನ ಮಧ್ಯೆ ಬೆಂಚಿನ ಮೇಲೆ ಮಲಗಿಬಿಟ್ಟಳು. ಒಬ್ಬರೇ ಇದ್ದು, ಇಪ್ಪತ್ತರ ವಯಸ್ಸಾಗಿದ್ದರೆ ಸರಿ. ಮಕ್ಕಳಿದ್ದರೆ ಖಂಡಿತ ಬೇಡ.

2023ರಲ್ಲಿ ಯೂರೋಸ್ಟಾರ್, ಅಂದರೆ ಸಮುದ್ರದಡಿಯ ಸುರಂಗದಲ್ಲಿ ಹೋಗುವ ರೈಲು. ಸುಖ ಅಂದರೆ ಇದೇ. ಬ್ರಿಟನ್ ಕಡೆಯ ಮತ್ತು ಫ್ರಾನ್ಸ್ ಕಡೆಯ ಪಾಸ್‌ಪೋರ್ಟ್ ತಪಾಸಣೆ ಎರಡೂ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಲ್ಲೇ ಮುಗಿಯುತ್ತದೆ, ಆಮೇಲೆ ಯಾರೂ ಎಬ್ಬಿಸುವುದಿಲ್ಲ. 50 ಕಿಲೋಮೀಟರ್ ಸುರಂಗ ದಾಟಲು ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ. ಆಮ್‌ಸ್ಟರ್‌ಡ್ಯಾಮ್‌ವರೆಗೆ ಸುಮಾರು ನಾಲ್ಕು ಗಂಟೆ. ನಾವು ಅದಕ್ಕಿಂತ ಮೊದಲೇ ರಾಟರ್‌ಡ್ಯಾಮ್‌ನಲ್ಲಿ ಇಳಿದು, ತೋಟಕ್ಕೆ ಹತ್ತಿರದ ಲೈಡನ್ ಊರಿನ ರೈಲು ಹಿಡಿದೆವು. ಆದರೆ ಲೆಕ್ಕ ಹಾಕಿ ನೋಡಿ: ಒಂದು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು, ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ, ಹಾಗಾಗಿ ಬೆಳಿಗ್ಗೆ ಬೇಗ ಹೊರಟರೂ ತಲುಪುವಾಗ ಮಧ್ಯಾಹ್ನವೇ. ಬರುವಾಗಲೂ ಅಷ್ಟೇ ಹೊತ್ತು ಹೋಗುತ್ತದೆ. ದಿನ ಹತ್ತಿರ ಬಂದಷ್ಟೂ ದರ ಏರುತ್ತದೆ, ಶಾಲೆಯ ರಜೆಯಲ್ಲಂತೂ ಇನ್ನೂ ಜಾಸ್ತಿ. ತಿಂಗಳುಗಟ್ಟಲೆ ಮೊದಲೇ ತೆಗೆದಿಟ್ಟರೆ ಮಾತ್ರ ಕೈಗೆಟುಕುತ್ತದೆ. ಪ್ಯಾರಿಸ್‌ಗೋ ಬ್ರಸೆಲ್ಸ್‌ಗೋ ಹೋಗುವವರಿಗೆ ಈ ಮಾತು ಅನ್ವಯಿಸಲ್ಲ. ಎರಡು ಗಂಟೆ ಚಿಲ್ಲರೆಯಲ್ಲಿ ತಲುಪುತ್ತೀರಿ, ಕಣ್ಣು ಮುಚ್ಚಿ ರೈಲನ್ನೇ ಹಿಡಿಯಿರಿ.

ಈಗ ಹಡಗು. 2025ರ ಏಪ್ರಿಲ್‌ನಲ್ಲಿ ಹೋದೆವು. ಮನೆಯಲ್ಲೇ ಬೇಗ ಊಟ ಮಾಡಿ, ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಹಾರಿಚ್ ಬಂದರಿಗೆ ರೈಲು ಹತ್ತಿದೆವು. ಒಂದೂವರೆ ಗಂಟೆ ದಾರಿ. ನಿಲ್ದಾಣ ಬಂದರಿನ ಪಕ್ಕದಲ್ಲೇ ಇದೆ, ಪೆಟ್ಟಿಗೆ ಎಳೆದುಕೊಂಡು ನಡೆದೇ ಹೋಗಬಹುದು. ಹಡಗಿನ ಕಂಪನಿ ಸ್ಟೆನಾ ಲೈನ್‌ನವರು ‘ರೈಲ್ ಅಂಡ್ ಸೇಲ್’ ಅಂತ ಒಂದೇ ಟಿಕೆಟ್ ಕೊಡುತ್ತಾರೆ. ಈ ಕಡೆಯ ರೈಲು, ಹಡಗು ಎರಡೂ ಅದರಲ್ಲೇ ಬರುತ್ತದೆ. ಕ್ಯಾಬಿನ್‌ಗೆ ಬೇರೆ ಕೊಡಬೇಕು, ರಾತ್ರಿ ಹಡಗಿನಲ್ಲಿ ಅದು ಕಡ್ಡಾಯ. ಹಡಗು 240 ಮೀಟರ್ ಉದ್ದ. ಮಗಳಿಗೆ ಮೇಲಿನ ಬರ್ತ್ ಸಿಕ್ಕಿದ್ದೇ ಹಬ್ಬ. ರಾತ್ರಿ 11ಕ್ಕೆ ಹೊರಟಿತು, ನಮಗೆ ಗೊತ್ತೇ ಆಗಲಿಲ್ಲ, ಮಲಗಿಬಿಟ್ಟಿದ್ದೆವು. ಬೆಳಿಗ್ಗೆ ಸ್ನಾನ ಮಾಡಿ ಡೆಕ್ಕಿಗೆ ಬಂದರೆ ಎದುರಿಗೆ ಆ ಕಡೆಯ ಬಂದರು ಹುಕ್ ಆಫ್ ಹಾಲೆಂಡ್. ಪಾಸ್‌ಪೋರ್ಟ್ ಸಾಲು ಇಲ್ಲಿ ಇಳಿದ ಮೇಲೆ ನಿಲ್ಲಬೇಕು, ಅರ್ಧ ಗಂಟೆ ಇಟ್ಟುಕೊಳ್ಳಿ. ಹೊರಗೆ ಬಂದರೆ ಮೆಟ್ರೋ. ಸ್ಕೀಡಾಮ್‌ನಲ್ಲಿ ರೈಲು ಬದಲಿಸಿ ಲೈಡನ್, ಅಲ್ಲಿಂದ 854 ನಂಬರ್ ಬಸ್ಸು. ಹನ್ನೊಂದಕ್ಕೆಲ್ಲ ತೋಟದೊಳಗೆ ಇದ್ದೆವು. ಮೈಯಲ್ಲಿ ಆಯಾಸ ಇರಲಿಲ್ಲ, ಅದೇ ದೊಡ್ಡದು. ಬರುವಾಗಲೂ ರಾತ್ರಿ ಹಡಗೇ ಹಿಡಿದಿದ್ದರಿಂದ ಹೋಟೆಲಿಗೆ ಎರಡೇ ರಾತ್ರಿ ಕೊಟ್ಟು ಮೂರು ಪೂರ್ತಿ ದಿನ ಸಿಕ್ಕಿತು. ಹೋಗಿ ಬರುವ ಎರಡು ಹೋಟೆಲ್ ರಾತ್ರಿ ಉಳಿಯಿತು ಅಂತ ಲೆಕ್ಕ ಹಾಕಿದರೆ ಕ್ಯಾಬಿನ್ ದುಬಾರಿ ಅನ್ನಿಸಲ್ಲ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಬರುವ ರಾತ್ರಿ ಗಾಳಿ ಜೋರಾಗಿತ್ತು, ನಮ್ಮನೆಯವರಿಗೆ ಹೊಟ್ಟೆ ತೊಳೆಸಿತು. ವಾಂತಿ ಮಾತ್ರೆ ಜೊತೆಗಿರಲಿ.

ಮೂರಕ್ಕೂ ಸೇರಿದ ಮಾತು ಕೆಲವು ಇವೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಬೇಕೇ ಬೇಕು, ಬ್ರಿಟನ್ನಿನ ವೀಸಾ ಅಲ್ಲಿ ನಡೆಯಲ್ಲ. ಅದರ ಅಪಾಯಿಂಟ್‌ಮೆಂಟ್ ಸಿಕ್ಕ ಮೇಲೆ ಟಿಕೆಟ್ ನೋಡಿ. ದಾರಿಗೆ ಬುತ್ತಿ ಕಟ್ಟುವವರು ಮೊಸರನ್ನ ಬಿಡಿ, ಬ್ರಿಟನ್ನಿನಿಂದ ಹಾಲು, ಮಾಂಸದ ಪದಾರ್ಥ ಒಯ್ಯುವ ಹಾಗಿಲ್ಲ. ಪುಳಿಯೋಗರೆ ಕಟ್ಟಿಕೊಳ್ಳಿ, ನಾವು ಮೂರು ಸಲವೂ ಅದನ್ನೇ ತಿಂದಿದ್ದು.

ಇನ್ನು ದಿನಾಂಕ. ತೋಟ ಮಾರ್ಚ್ ಮಧ್ಯದ ಆಸುಪಾಸಿನಿಂದ ಮೇ ಮಧ್ಯದವರೆಗೆ ಎಂಟು ವಾರ ಮಾತ್ರ ತೆರೆದಿರುತ್ತದೆ. ಈಸ್ಟರ್ ಮಾರ್ಚ್‌ನಲ್ಲೇ ಬಂದರೆ ಹೊರಗಿನ ಹೊಲಗಳಲ್ಲಿ ಟುಲಿಪ್ ಇನ್ನೂ ಅರಳಿರುವುದಿಲ್ಲ. ಏಪ್ರಿಲ್ ಮುಗಿಯುತ್ತಾ ಬಂದರೆ ಹೊಲದ ರೈತರು ಗಡ್ಡೆ ದಪ್ಪ ಆಗಲಿ ಅಂತ ಹೂವನ್ನೇ ಕತ್ತರಿಸಿ ಹಾಕುತ್ತಿರುತ್ತಾರೆ. ಏಪ್ರಿಲ್‌ನ ಎರಡನೆಯ, ಮೂರನೆಯ ವಾರ ಸಿಕ್ಕರೆ ಬಿಡಬೇಡಿ, ಕ್ಯಾಬಿನ್ ಕೂಡ ಅದಕ್ಕೇ ಮೊದಲು ತುಂಬುವುದು.