ರಸ್ಟ್ಲಿಂಗ್ಸ್ ಮುಗಿಸಿದೆ: ರಸ್ಟ್ ಕಲಿಯುವವರಿಗೆ ಇದು ಸಾಕಾ?

ರಾತ್ರಿ ಊಟ ಆದ ಮೇಲೆ ದಿನಾ ಒಂದು ತಾಸು, ಬಾಗಲಕೋಟೆ ನವನಗರದ ಮನೆಯಲ್ಲೇ ಕೂತು, ಐದು ವಾರದಲ್ಲಿ ರಸ್ಟ್ಲಿಂಗ್ಸ್ ಪೂರ್ತಿ ಮಾಡಿದೆ. ದುಡ್ಡು ಖರ್ಚಿಲ್ಲ. ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಇರುವ ಸಣ್ಣ ಸಣ್ಣ ಲೆಕ್ಕಗಳ ಕಟ್ಟು ಅದು, 90ಕ್ಕೂ ಜಾಸ್ತಿ ಇವೆ.

ನಾನು ಇದಕ್ಕೆ ಕೈ ಹಾಕಿದ್ದಕ್ಕೆ ಕಾರಣ ಇದೆ. ಒಂದು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ತೂಕ ಬರೆದುಕೊಳ್ಳುವ ಪ್ರೋಗ್ರಾಂ ನಾನೇ ಸಿ ಭಾಷೆಯಲ್ಲಿ ಬರೆದದ್ದು. ಹೋದ ಹಂಗಾಮಿನಲ್ಲಿ ಒಂದು ರಾತ್ರಿ ಅದು ನಿಂತುಹೋಯಿತು. ಒಂದು ಕಡೆ ಬಿಟ್ಟುಕೊಟ್ಟ ಮೆಮೊರಿಯನ್ನು ಇನ್ನೊಂದು ಕಡೆ ಮತ್ತೆ ಓದುತ್ತಿತ್ತು. ಹೊರಗೆ ಟ್ರ್ಯಾಕ್ಟರ್‌ಗಳ ಸಾಲು. ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ನಷ್ಟ ರೈತರಿಗೆ ಅಲ್ವಾ. ಆ ರಾತ್ರಿ ನನಗೆ ಇನ್ನೂ ಮರೆತಿಲ್ಲ.

ರಸ್ಟ್ಲಿಂಗ್ಸ್ ಮಾಡುವುದು ಇಷ್ಟೇ: ತಪ್ಪಿರುವ ಕೋಡ್ ಕೊಡುತ್ತದೆ, ನೀವು ಸರಿ ಮಾಡಿ ಸೇವ್ ಮಾಡಿದ ಕೂಡಲೇ ತಾನೇ ಪರೀಕ್ಷೆ ಮಾಡಿ ಹೇಳುತ್ತದೆ. ತೋಚದಿದ್ದರೆ ಸುಳಿವು ಕೇಳಬಹುದು. ವೇರಿಯಬಲ್, ಫಂಕ್ಷನ್, ಇಫ್ ಎಲ್ಲ ಎರಡು ದಿನದಲ್ಲಿ ಮುಗಿದವು. ನಿಜವಾದ ಕಲಿಕೆ ಓನರ್‌ಶಿಪ್‌ನಿಂದ ಶುರು, ಅಂದರೆ ಯಾವ ಮಾಹಿತಿ ಯಾರ ಕೈಯಲ್ಲಿದೆ ಅನ್ನುವ ನಿಯಮ.

ನನಗೆ ಅದು ತಿಳಿದದ್ದು ಕಾಟಾದ ಚೀಟಿಯಿಂದ. ಡ್ರೈವರ್ ತನ್ನ ಚೀಟಿಯನ್ನು ಕೌಂಟರ್‌ಗೆ ಕೊಟ್ಟುಬಿಟ್ಟರೆ ಅದು ಕೌಂಟರಿನದು, ಮತ್ತೆ ಅದನ್ನೇ ತೋರಿಸಲು ಅವನ ಕೈಯಲ್ಲಿ ಏನೂ ಇರುವುದಿಲ್ಲ. ಸುಮ್ನೆ ನೋಡಲು ಕೊಟ್ಟರೆ ಎಷ್ಟು ಜನ ಬೇಕಾದರೂ ನೋಡಬಹುದು. ಆದರೆ ಒಬ್ಬರು ಅದರ ಮೇಲೆ ತಿದ್ದುತ್ತಿದ್ದರೆ, ತಿದ್ದಿ ಮುಗಿಯುವವರೆಗೂ ಬೇರೆ ಯಾರೂ ನೋಡುವ ಹಾಗಿಲ್ಲ. ರಸ್ಟ್ ಕಂಪೈಲರ್, ಅಂದರೆ ನಾವು ಬರೆದ ಕೋಡನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವ ಸಾಧನ, ಈ ನಿಯಮವನ್ನು ಪ್ರೋಗ್ರಾಂ ಓಡುವ ಮೊದಲೇ ನೋಡುತ್ತದೆ. ಕೊಟ್ಟ ಚೀಟಿಯನ್ನೇ ಮತ್ತೆ ಬಳಸಿದರೆ ಇ0382 ಅಂತ ತಪ್ಪು ತೋರಿಸಿ, ಯಾವ ಸಾಲಿನಲ್ಲಿ ಕೊಟ್ಟಿರಿ, ಯಾವ ಸಾಲಿನಲ್ಲಿ ಮತ್ತೆ ಬಳಸಿದಿರಿ ಎರಡನ್ನೂ ಗೆರೆ ಎಳೆದು ಹೇಳುತ್ತದೆ. ಆ ರಾತ್ರಿ ನನ್ನ ಪ್ರೋಗ್ರಾಂನಲ್ಲಿ ಆದದ್ದು ಇದೇ ಜಾತಿಯ ತಪ್ಪು. ಸಿ ಕಂಪೈಲರ್ ಅದನ್ನು ಸದ್ದಿಲ್ಲದೆ ಬಿಟ್ಟಿತ್ತು.

ಸ್ಟ್ರಿಂಗ್ (ಅಕ್ಷರಗಳ ಸಾಲು) ಭಾಗವನ್ನು ಕನ್ನಡದವರು ನಿಧಾನಕ್ಕೆ ಮಾಡಿ. "ಜಮಖಂಡಿ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ರಸ್ಟ್‌ನಲ್ಲಿ ಅದರ ಉದ್ದ ಕೇಳಿದರೆ 18 ಅನ್ನುತ್ತದೆ, ಯಾಕೆಂದರೆ ಅದು ಎಣಿಸುವುದು ಬೈಟ್, ಅಂದರೆ ಮೆಮೊರಿಯ ಸಣ್ಣ ಅಳತೆ. ಕ್ಯಾರೆಕ್ಟರ್ ಎಣಿಸಿದರೆ 6, ಸೊನ್ನೆ ಮತ್ತು ಇಕಾರ ಬೇರೆ ಬೇರೆ ಲೆಕ್ಕ. ಮೊದಲ ನಾಲ್ಕು ಬೈಟ್ ಕತ್ತರಿಸಲು ಹೋದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ, ಅರ್ಧ ಅಕ್ಷರ ಕೊಡುವುದಿಲ್ಲ. ನನ್ನ ಹಳೇ ಚೀಟಿಗಳಲ್ಲಿ ಊರಿನ ಹೆಸರಿನ ಕೊನೆಗೆ ಪ್ರಶ್ನೆ ಚಿಹ್ನೆ ಯಾಕೆ ಬರುತ್ತಿತ್ತು ಅಂತ ಅವತ್ತು ಗೊತ್ತಾಯಿತು.

ಕೊರತೆಗಳೂ ಇವೆ. ಸೂಚನೆ, ಸುಳಿವು ಎಲ್ಲ ಇಂಗ್ಲಿಷಿನಲ್ಲಿ. ಲೈಫ್‌ಟೈಮ್ (ನೋಡಲು ಕೊಟ್ಟದ್ದು ಎಲ್ಲಿಯವರೆಗೆ ನಡೆಯುತ್ತದೆ ಅನ್ನುವುದು) ಬಗ್ಗೆ ಇರುವ ಲೆಕ್ಕ ಕಮ್ಮಿ, ನನಗಂತೂ ಸಾಲಲಿಲ್ಲ, ಹೊರಗೆ ಓದಬೇಕಾಯಿತು. ಪ್ರೋಗ್ರಾಮಿಂಗೇ ಗೊತ್ತಿಲ್ಲದವರು ಇಲ್ಲಿಂದ ಶುರು ಮಾಡಬೇಡಿ, ಫಂಕ್ಷನ್ ಅಂದರೆ ಏನು ಅಂತ ಇದು ಕೂತು ಹೇಳುವುದಿಲ್ಲ. ವಿಂಡೋಸ್ ಇದ್ದರೆ ಸಾಮಾನ್ಯವಾಗಿ ಸಿ++ ಬಿಲ್ಡ್ ಟೂಲ್ಸ್ ಕೂಡ ಹಾಕಿಕೊಳ್ಳಬೇಕು, ದೊಡ್ಡ ಡೌನ್‌ಲೋಡ್, ಮೊಬೈಲ್ ಡೇಟಾ ನಂಬಿಕೊಂಡು ಕೂರಬೇಡಿ. ಲಿನಕ್ಸ್ ಇದ್ದವರಿಗೆ ಈ ಕೆಲಸ ಹಗುರ.

ಇನ್ನೊಂದು ಮಾತು. ತಪ್ಪು ಬಂದ ಕೂಡಲೇ ಎಐ ಹತ್ತಿರ ಉತ್ತರ ಕೇಳಬೇಡಿ. ಕಂಪೈಲರ್ ಬರೆದದ್ದನ್ನು ಪೂರ್ತಿ ಓದಿ, ಎರಡು ಸಲ ಓದಿ. ಮೊದಲ ವಾರ ನಾನು ಓದದೆ ಬರೀ ತಿದ್ದುತ್ತಿದ್ದೆ, ಒಂದೇ ಲೆಕ್ಕಕ್ಕೆ ಎರಡು ರಾತ್ರಿ ಹೋಯಿತು.

ಈಗ ಚೀಟಿ ಮುದ್ರಿಸುವ ಭಾಗವನ್ನು ರಸ್ಟ್‌ನಲ್ಲಿ ಬರೆಯುತ್ತಿದ್ದೇನೆ. ಕಾಟಾದಿಂದ ತೂಕ ಓದುವ ಭಾಗ ಸದ್ಯಕ್ಕೆ ಸಿ ಭಾಷೆಯಲ್ಲೇ ಇದೆ, ಹಂಗಾಮು ಶುರುವಾಗುವ ಮೊದಲು ಅದನ್ನು ಮುಟ್ಟುವುದಿಲ್ಲ.