ಹುಬ್ಬಳ್ಳಿ ಬೇಸಿಗೆಯಲ್ಲಿ ಎನ್‌ಆರ್200ಪಿ: ಸಣ್ಣ ಕೇಸಿನೊಳಗೆ ಗಾಳಿ ಓಡಿಸುವ ಲೆಕ್ಕ

ಕೂಲರ್ ಮಾಸ್ಟರ್ ಎನ್‌ಆರ್200ಪಿ 2020ರಲ್ಲಿ ಬಂದ ಕಂಪ್ಯೂಟರ್ ಕೇಸ್, ಅಂದರೆ ಬಿಡಿಭಾಗಗಳನ್ನು ಕೂರಿಸುವ ಪೆಟ್ಟಿಗೆ. ಗಾತ್ರ ಸುಮಾರು 18 ಲೀಟರ್. ಮಿನಿ ಐಟಿಎಕ್ಸ್ ಎಂಬ ಸಣ್ಣ ಅಳತೆಯ ಮದರ್‌ಬೋರ್ಡ್, ಎಸ್‌ಎಫ್‌ಎಕ್ಸ್ ಎಂಬ ಸಣ್ಣ ಅಳತೆಯ ಪವರ್ ಸಪ್ಲೈ, 330 ಮಿ.ಮೀ. ಉದ್ದದವರೆಗಿನ ಗ್ರಾಫಿಕ್ಸ್ ಕಾರ್ಡ್ ಇದರಲ್ಲಿ ಕೂರುತ್ತವೆ. ಹುಬ್ಬಳ್ಳಿಯ ಬೇಸಿಗೆ, ಮಳೆಗಾಲ ಎರಡನ್ನೂ ಕಂಡ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಕೇಸ್ ಒಳ್ಳೆಯದು, ಧೈರ್ಯವಾಗಿ ತಗೊಳ್ಳಿ. ಆದರೆ ಪೆಟ್ಟಿಗೆಯಿಂದ ತೆಗೆದು ಹಾಗೆಯೇ ಜೋಡಿಸಿದರೆ ನಮ್ಮ ಏಪ್ರಿಲ್ ತಿಂಗಳಿಗೆ ಸಾಲುವುದಿಲ್ಲ. ಜೊತೆಗೆ ಬರುವ ಎರಡು ಫ್ಯಾನ್‌ಗಳೂ ಬಿಸಿಗಾಳಿ ಹೊರಗೆ ತಳ್ಳಲು ಇರುವಂಥವು. ಕಾರ್ಡಿಗೆ ತಣ್ಣನೆ ಗಾಳಿ ಕೊಡಬೇಕಾದ ಕೆಳಗಿನ ಜಾಗ ಖಾಲಿ ಇರುತ್ತದೆ. ಮೊದಲು ಖರ್ಚು ಮಾಡಬೇಕಾದದ್ದು ಅಲ್ಲಿ.

ಜೋಡಣೆ ಹೀಗಿದೆ: ಬಿ550 ಐಟಿಎಕ್ಸ್ ಬೋರ್ಡ್, ರೈಜೆನ್ 7 5700ಎಕ್ಸ್ ಪ್ರೊಸೆಸರ್, ಎರಡು ಸ್ಲಾಟ್ ದಪ್ಪದ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್, 750 ವ್ಯಾಟ್ ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ, ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಕೂಲರ್. ಪ್ರೊಸೆಸರ್ ಸಾಕೆಟ್ಟಿನಿಂದ ಎಳೆಯುವ ಗರಿಷ್ಠ ವಿದ್ಯುತ್ 76 ವ್ಯಾಟ್, ಕಾರ್ಡ್ ಎಳೆಯುವುದು 200 ವ್ಯಾಟ್. ಅಂದರೆ ಆಟ ಆಡುವಾಗ ಕೇಸಿನೊಳಗಿನ ಕಾವಿನ ಬಹುಪಾಲು ಕಾರ್ಡಿನದೇ. ಪ್ರೊಸೆಸರ್ ಕೂಲರ್ ಯಾವುದು ಎಂದು ವಾರಗಟ್ಟಲೆ ಹುಡುಕುವವರು ಈ ಲೆಕ್ಕ ಮೊದಲು ನೋಡಬೇಕು.

ಇಂಟರ್ನೆಟ್ಟಿನಲ್ಲಿ ಕಾಣುವ ಟೆಸ್ಟ್‌ಗಳೆಲ್ಲ ಸಾಮಾನ್ಯವಾಗಿ 21-22 ಡಿಗ್ರಿಯ ಎಸಿ ಕೋಣೆಯಲ್ಲಿ ಮಾಡಿದವು. ಹುಬ್ಬಳ್ಳಿ-ಧಾರವಾಡದಲ್ಲಿ ಏಪ್ರಿಲ್-ಮೇನಲ್ಲಿ ಹೊರಗೆ 37 ಡಿಗ್ರಿ ಸಹಜ. ಮೇಲಿನ ಮಹಡಿಯ ಖೋಲಿಯಾದರೆ ಸ್ಲ್ಯಾಬ್ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹತ್ತರವರೆಗೂ ಕೆಳಗೆ ಬಿಡುತ್ತಿರುತ್ತದೆ, ಆಟ ಆಡುವ ಹೊತ್ತೂ ಅದೇ. ಗಾಳಿಯಿಂದ ತಣಿಯುವ ಯಾವ ಯಂತ್ರವೂ ಖೋಲಿಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಯಲಾರದು. ಒಂದೇ ವ್ಯಾಟ್, ಒಂದೇ ಫ್ಯಾನ್ ವೇಗದಲ್ಲಿ ಚಿಪ್ಪಿಗೂ ಖೋಲಿಗೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ವಿಡಿಯೊದಲ್ಲಿ 68 ಡಿಗ್ರಿ ಕಂಡರೆ ನಮ್ಮ ಮೇ ತಿಂಗಳಿಗೆ ಅದನ್ನು 83 ಎಂದು ಓದಿಕೊಳ್ಳಿ. ಡಿಸೆಂಬರ್‌ನಲ್ಲಿ ಜೋಡಿಸಿ "ಭಾಳ ಥಂಡ್ ಐತಿ" ಎಂದು ಖುಷಿಪಟ್ಟವರು ಬೇಸಿಗೆಗೆ ಹತ್ತು ಡಿಗ್ರಿಗೂ ಹೆಚ್ಚು ಜಾಗ ಬಿಟ್ಟಿದ್ದಾರೋ ಇಲ್ಲವೋ ಆಗಲೇ ನೋಡಿಕೊಳ್ಳಬೇಕು.

ಇಲ್ಲಿ ಬಂದಿರುವ ಅಂಕಿ: ಖೋಲಿ 24 ಡಿಗ್ರಿ ಇದ್ದಾಗ ಕಾರ್ಡ್ 62ರ ಆಸುಪಾಸು, ಪ್ರೊಸೆಸರ್ 66. ಖೋಲಿ 36 ಮುಟ್ಟಿದಾಗ ಕಾರ್ಡ್ 74-75, ಪ್ರೊಸೆಸರ್ 78. 5700ಎಕ್ಸ್‌ಗೆ ಮಿತಿ 90 ಡಿಗ್ರಿ, ಆದ್ದರಿಂದ ಚಿಂತೆ ಇಲ್ಲ. ಕೆಳಗಿನ ಫ್ಯಾನ್ ಎರಡೂ ತೆಗೆದರೆ ಕಾರ್ಡಿನ ಉಷ್ಣಾಂಶ ಆರೇಳು ಡಿಗ್ರಿ ಏರುತ್ತದೆ. ಜೊತೆಗೆ ಅದರ ಸ್ವಂತ ಫ್ಯಾನ್‌ಗಳು ಕೂಗಾಡಲು ಶುರು ಮಾಡುತ್ತವೆ. ಕಿವಿಗೆ ತಟ್ಟುವುದು ಮುಖ್ಯವಾಗಿ ಈ ಎರಡನೆಯದು.

ಗಾಳಿಯ ದಾರಿ ಸರಳ. ಕೆಳಗೆ ಎರಡು 120 ಮಿ.ಮೀ. ಫ್ಯಾನ್ ಒಳಗೆ ಎಳೆಯಬೇಕು, ಮೇಲೆ ಎರಡು 120 ಹೊರಗೆ ತಳ್ಳಬೇಕು, ಹಿಂದೆ ಒಂದು 92 ಕೂಡ ಹೊರಗೆ. ಬಿಸಿಗಾಳಿ ತಾನಾಗಿಯೇ ಮೇಲೇರುತ್ತದೆ ಎಂಬುದನ್ನು ಹೆಚ್ಚು ನೆಚ್ಚಬೇಡಿ, ಫ್ಯಾನ್ ಮುಂದೆ ಅದರ ಬಲ ಏನೂ ಅಲ್ಲ. ಕೆಳಗಿನಿಂದ ಮೇಲಕ್ಕೆ ಎನ್ನಲು ನಿಜವಾದ ಕಾರಣ ಬೇರೆ: ಕಾರ್ಡಿನ ಮುಖ ಕೆಳಗಡೆ ಇದೆ, ಹೊಸ ಗಾಳಿ ಮೊದಲು ಅದಕ್ಕೇ ಸಿಗಬೇಕು. ಮೇಲಿನ ಎರಡು ಫ್ಯಾನ್‌ಗಳಲ್ಲಿ ಮುಂದಿನದನ್ನು ಜೋರಾಗಿ ಓಡಿಸಿದರೆ ಪ್ರೊಸೆಸರ್ ಕೂಲರಿಗೆ ಸೇರಬೇಕಾದ ಗಾಳಿಯನ್ನು ಅದೇ ಕಸಿದುಕೊಂಡು ಹೊರಗೆ ಹಾಕುತ್ತದೆ. ಮೇಲಿನವುಗಳಲ್ಲಿ ಹಿಂದಿನದು ನಿಮಿಷಕ್ಕೆ ಸಾವಿರದ ಆಸುಪಾಸಿನ ಸುತ್ತಿನಲ್ಲಿದ್ದರೆ ಮುಂದಿನದು ಆರೇಳುನೂರು ಸಾಕು, ಇಲ್ಲವೇ ತೆಗೆದುಬಿಡಿ.

ಕೆಳಗಿನ ಫ್ಯಾನಿನ ದಪ್ಪ ನೋಡಿಕೊಂಡು ಕೊಳ್ಳಿ. ಎರಡು ಸ್ಲಾಟ್ ಕಾರ್ಡಿಗೆ ಮಾಮೂಲಿ 25 ಮಿ.ಮೀ. ದಪ್ಪದ್ದು ಆರಾಮಾಗಿ ಹೋಗುತ್ತದೆ. ಮೂರು ಸ್ಲಾಟ್ ಕಾರ್ಡ್ ಇದ್ದರೆ 15 ಮಿ.ಮೀ. ತೆಳು ಫ್ಯಾನ್ ಬೇಕು: ನೋಕ್ಟುವಾ ಎನ್‌ಎಫ್-ಎ12ಎಕ್ಸ್15, ಆರ್ಕ್ಟಿಕ್ ಪಿ12 ಸ್ಲಿಮ್ ಥರದ್ದು. ಕಾರ್ಡಿನ ಫ್ಯಾನಿಗೂ ಕೇಸಿನ ಫ್ಯಾನಿಗೂ ಮಧ್ಯೆ ಐದು ಮಿ.ಮೀ. ಕೂಡ ಉಳಿಯದಿದ್ದರೆ ಗಾಳಿ ಕಲಕಿ ಒಂಥರಾ ಗುಂಯ್‌ಗುಡುವ ಸದ್ದು ಬರುತ್ತದೆ. ವೇಗ ಕಡಿಮೆ ಮಾಡಿದರೂ ಅದು ಪೂರ್ತಿ ಹೋಗುವುದಿಲ್ಲ. ಅಷ್ಟು ಬಿಗಿಯಾದರೆ ಕೆಳಗೆ ಫ್ಯಾನ್ ಹಾಕದೆ ಜಾಗ ತೆರೆದಿಡುವುದೇ ವಾಸಿ.

ಕೇಸಿನ ಕಾಲುಗಳು ಗಿಡ್ಡ. ಕೆಳಗೆ ರಬ್ಬರ್ ಬುಡ್ಡಿ ಕೊಟ್ಟು ಇನ್ನೊಂದು 20 ಮಿ.ಮೀ. ಎತ್ತರಿಸಿದರೆ ಕೆಳಗಿನ ಫ್ಯಾನ್‌ಗಳಿಗೆ ಉಸಿರು ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕುರ್ಚಿ ಕಾಲಿಗೆ ಹಾಕುವ ರಬ್ಬರ್ ಸಾಕು. ನವಲಗುಂದದ ಜಮಖಾನ ಎಷ್ಟೇ ಚೆಂದ ಇರಲಿ, ಕೇಸನ್ನು ಅದರ ಮೇಲೆ ಇಡಬೇಡಿ. ಟೇಬಲ್ಲಿನ ಹಲಗೆ ಅಥವಾ ಫರಸಿ ಸರಿ. ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಗೂಡಿನೊಳಗೆ ಇಟ್ಟರೆ ಮೇಲಿಂದ ಬಿಟ್ಟ ಬಿಸಿಗಾಳಿಯನ್ನೇ ಕೆಳಗಿಂದ ಮತ್ತೆ ಎಳೆದುಕೊಳ್ಳುತ್ತದೆ, ಆಗ ಯಾವ ಫ್ಯಾನೂ ಉಪಯೋಗಕ್ಕೆ ಬಾರದು.

ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಎತ್ತರ 155 ಮಿ.ಮೀ. ಈ ಕೇಸಿಗೆ ಅದೇ ಕೊನೆ ಗೆರೆ. ತೂತಿರುವ ಉಕ್ಕಿನ ಪ್ಯಾನೆಲ್ ಹಾಕಿದರೆ ಕೂರುತ್ತದೆ, ಗಾಜಿನ ಪ್ಯಾನೆಲ್ ಜೊತೆ ಪ್ರಯತ್ನಿಸಬೇಡಿ. ಇನ್ನೊಂದು ಮಾತು ರ‍್ಯಾಮಿನದು. ಕೂಲರಿನ ಮುಂದಿನ ಫ್ಯಾನ್ ರ‍್ಯಾಮ್ ಮೇಲೆ ಬರುತ್ತದೆ. ದೊಡ್ಡ ಪೆಟ್ಟಿಗೆಯಲ್ಲಾದರೆ ಅದನ್ನು ಸ್ವಲ್ಪ ಮೇಲಕ್ಕೆ ಸರಿಸಿ ಕ್ಲಿಪ್ ಹಾಕಬಹುದು, ಇಲ್ಲಿ ಸರಿಸಿದರೆ ಪ್ಯಾನೆಲ್ಲಿಗೆ ಬಡಿಯುತ್ತದೆ. ಆದ್ದರಿಂದ ಕಿರೀಟದಂತೆ ಎದ್ದ ಆರ್‌ಜಿಬಿ ರ‍್ಯಾಮ್ ಬಿಟ್ಟು 33-34 ಮಿ.ಮೀ. ಎತ್ತರದ ಗಿಡ್ಡ ರ‍್ಯಾಮ್ ತಗೊಳ್ಳಿ. ಕಂಪನಿ 65 ವ್ಯಾಟ್ ದರ್ಜೆ ಎಂದು ಕರೆಯುವ ಈ ಪ್ರೊಸೆಸರಿಗೆ ದ್ರವದ ಕೂಲರ್ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪಕ್ಕದಲ್ಲಿ ದ್ರವದ ಕೂಲರಿನ 280 ಮಿ.ಮೀ. ರೇಡಿಯೇಟರ್ ಹಾಕುವ ಸೌಕರ್ಯ ಇದೆ, ಆದರೆ ಪಂಪು ಕೆಟ್ಟರೆ ಇಡೀ ಯಂತ್ರ ನಿಲ್ಲುತ್ತದೆ. ಪೀರ್‌ಲೆಸ್ ಅಸಾಸಿನ್ ಥರದ ಟವರ್ ಕೂಲರಿನ ಫ್ಯಾನ್ ಹೋದರೆ ಹುಬ್ಬಳ್ಳಿಯಲ್ಲೇ ಸಂಜೆಯೊಳಗೆ ಬೇರೆ 120 ಫ್ಯಾನ್ ಸಿಗುತ್ತದೆ.

ಇನ್ನು ಫ್ಯಾನ್ ವೇಗ. ಹೆಚ್ಚಿನ ಜನ ಎಡವುವುದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಬಯೋಸ್‌ನಲ್ಲಿ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗ್‌ನಲ್ಲಿ, ಕೇಸ್ ಫ್ಯಾನ್‌ಗಳು ಸಾಮಾನ್ಯವಾಗಿ ಪ್ರೊಸೆಸರಿನ ಉಷ್ಣಾಂಶ ನೋಡಿ ಓಡುತ್ತವೆ. ಆಟದಲ್ಲಿ ಬಿಸಿಯಾಗುವುದು ಕಾರ್ಡ್. ಪ್ರೊಸೆಸರ್ 60ರಲ್ಲಿ ಆರಾಮಾಗಿದ್ದರೆ ಕೆಳಗಿನ ಫ್ಯಾನ್‌ಗಳು ನಿದ್ದೆ ಮಾಡುತ್ತಿರುತ್ತವೆ, ಕಾರ್ಡ್ ಒಂದೇ ಕುದಿಯುತ್ತದೆ. ಇದಕ್ಕೆ ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಇದೆ. ಅದರಲ್ಲಿ ಕೆಳಗಿನ ಎರಡು ಫ್ಯಾನ್‌ಗಳನ್ನು ಕಾರ್ಡಿನ ಉಷ್ಣಾಂಶಕ್ಕೆ ಕಟ್ಟಿ. ಮೇಲಿನವನ್ನು ಕಾರ್ಡ್, ಪ್ರೊಸೆಸರ್ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಕಟ್ಟಿ. ಕೆಳಗಿನವಕ್ಕೆ ಇಲ್ಲಿರುವ ಗೆರೆ: 45 ಡಿಗ್ರಿವರೆಗೆ ಶೇ 30, 60ಕ್ಕೆ ಶೇ 50, 70ಕ್ಕೆ ಶೇ 70, 78 ದಾಟಿದರೆ ಪೂರ್ತಿ. ವೇಗ ಬದಲಿಸುವ ಮುನ್ನ ನಾಲ್ಕೈದು ಸೆಕೆಂಡ್ ಕಾಯುವಂತೆ ಹೊಂದಿಸಿ, ಇಳಿಯುವಾಗ ಇನ್ನೂ ನಿಧಾನವಾಗಲಿ. ಇಲ್ಲದಿದ್ದರೆ ಬ್ರೌಸರ್ ತೆರೆದಾಗಲೆಲ್ಲ ಫ್ಯಾನ್ ಬುಸ್ಸೆಂದು ಏರಿ ಇಳಿಯುತ್ತದೆ. ಐಟಿಎಕ್ಸ್ ಬೋರ್ಡಿನಲ್ಲಿ ಫ್ಯಾನ್ ಚುಚ್ಚುವ ಹೆಡರ್‌ಗಳು ಕಡಿಮೆ, ಹೆಚ್ಚಾಗಿ ಮೂರು. ಒಂದು ಹೆಡರ್‌ಗೆ ಸಾಮಾನ್ಯವಾಗಿ 1 ಆಂಪಿಯರ್ ಮಿತಿ. ಮಾಮೂಲಿ 120 ಫ್ಯಾನ್ 0.1ರಿಂದ 0.3 ಆಂಪಿಯರ್ ಎಳೆಯುತ್ತದೆ, ಹಾಗಾಗಿ ವೈ ಆಕಾರದ ಕೇಬಲ್ ಹಾಕಿ ಎರಡನ್ನು ಒಂದೇ ಹೆಡರ್‌ಗೆ ಕೊಟ್ಟರೆ ತೊಂದರೆ ಇಲ್ಲ.

ಏಪ್ರಿಲ್ ಬಂದ ಕೂಡಲೇ ಕಾರ್ಡಿನ ಪವರ್ ಮಿತಿಯನ್ನು ಶೇ 80ಕ್ಕೆ ಇಳಿಸುವುದು ಅತ್ಯಂತ ಅಗ್ಗದ ಉಪಾಯ. ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಒಂದೇ ಗೆರೆ ಎಳೆದರೆ ಮುಗಿಯಿತು, 200 ವ್ಯಾಟ್ 160 ಆಗುತ್ತದೆ. ಆಟದಲ್ಲಿ ಕಳೆದುಹೋಗುವ ಫ್ರೇಮ್ ಕಣ್ಣಿಗೆ ಗೊತ್ತಾಗದಷ್ಟು ಕಡಿಮೆ, ಏಕೆಂದರೆ ಕೊನೆಯ ನಲವತ್ತು ವ್ಯಾಟ್ ಖರ್ಚಾಗುವುದು ಕೊನೆಯ ಕೆಲವು ಮೆಗಾಹರ್ಟ್ಸ್‌ಗಾಗಿ. ಅಷ್ಟು ಕಾವು ಖೋಲಿಗೂ ಬೀಳುವುದಿಲ್ಲ. ಬಾಗಿಲು, ಕಿಟಕಿ ಮುಚ್ಚಿದ ಹತ್ತು ಅಡಿ ಖೋಲಿಯಲ್ಲಿ ಮುನ್ನೂರು ವ್ಯಾಟಿನ ಯಂತ್ರ ಒಂದು ಸಣ್ಣ ಹೀಟರೇ ಸರಿ. ಹೊರಗೆ ತಂಪಾದ ಮೇಲೆ ಕಿಟಕಿ ತೆರೆದರೆ ಎರಡು ಹೊಸ ಫ್ಯಾನ್ ಹಾಕಿದ್ದಕ್ಕಿಂತ ಹೆಚ್ಚು ಫಲ ಸಿಗುತ್ತದೆ. ನೀರಿನ ಏರ್ ಕೂಲರ್ ಕೂಡ ಈ ಒಣ ಬೇಸಿಗೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದರ ಮುಖ ಕೇಸಿನ ಕಡೆ ಬೇಡ. ಬೋರ್ ನೀರಿನ ಹನಿ ಹಾರಿ ಬಂದು ಒಣಗಿದರೆ ಹೀಟ್‌ಸಿಂಕ್ ಮೇಲೆ ಉಪ್ಪು ಕೂರುತ್ತದೆ.

ದೂಳಿನ ಮಾತು ಪ್ರತ್ಯೇಕ. ಹೊರಗೆ ತಳ್ಳುವ ಫ್ಯಾನ್ ಬಲವಾಗಿ, ಒಳಗೆ ಎಳೆಯುವವು ದುರ್ಬಲವಾಗಿದ್ದರೆ ಕೇಸ್ ಸಿಕ್ಕಸಿಕ್ಕ ಸಂದಿಯಿಂದ ಗಾಳಿ ಎಳೆಯುತ್ತದೆ, ಅಲ್ಲಿ ಫಿಲ್ಟರ್ ಇರುವುದಿಲ್ಲ. ಕೆಳಗಿನ ಫ್ಯಾನ್‌ಗಳನ್ನು ತುಸು ಹೆಚ್ಚು ವೇಗದಲ್ಲಿ ಇಟ್ಟರೆ ದೂಳಿನ ಬಹುಪಾಲು ಕೆಳಗಿನ ಜಾಳಿಗೆಗೆ ಅಂಟಿಕೊಳ್ಳುತ್ತದೆ, ಒಂದೇ ಕಡೆ ಸ್ವಚ್ಛ ಮಾಡಿದರೆ ಸಾಕು. ಗದಗ, ನವಲಗುಂದದ ಕಡೆಯ ಎರಿ ಮಣ್ಣಿನ ದೂಳು ಹಿಟ್ಟಿನಷ್ಟು ನುಣುಪು. ಗಾಳಿ ಎದ್ದ ದಿನಗಳಲ್ಲಿ ಜಾಳಿಗೆ ಎರಡೇ ವಾರದಲ್ಲಿ ಕಟ್ಟಿಕೊಳ್ಳುತ್ತದೆ. ಬೆಟಗೇರಿಯಲ್ಲಿ ಮಗ್ಗದ ಮನೆಯ ಆಸುಪಾಸು ಇದ್ದರೆ ಹತ್ತಿಯ ಎಳೆ ಬಂದು ಜಾಳಿಗೆಯ ಮೇಲೆ ಕಂಬಳಿಯ ಹಾಗೆ ಕೂರುತ್ತದೆ, ಅದನ್ನು ಬ್ರಷ್‌ನಿಂದ ಉಜ್ಜಿದರೆ ಇನ್ನಷ್ಟು ಒಳಗೆ ಹೋಗುತ್ತದೆ, ಬೆರಳಿನಿಂದ ಸುರುಳಿ ಮಾಡಿ ಎತ್ತಿಬಿಡಬೇಕು. ಜಾಳಿಗೆ ತೆಗೆದು ನಲ್ಲಿ ಕೆಳಗೆ ತೊಳೆದು ಪೂರ್ತಿ ಒಣಗಿದ ಮೇಲೆ ಹಾಕಿ. ಒಳಗೆ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಗೆ ಗರಗರ ತಿರುಗಲು ಬಿಟ್ಟರೆ ಮೋಟರ್ ತಾನೇ ವಿದ್ಯುತ್ ಹುಟ್ಟಿಸಿ ಬೋರ್ಡಿನ ಕಡೆ ಕಳಿಸಬಹುದು, ಬೇರಿಂಗೂ ಸವೆಯುತ್ತದೆ. ಮೊದಲ ಮಳೆಗೆ ರೆಕ್ಕೆಹುಳ ಏಳುತ್ತವೆ. ಆ ಸಂಜೆಗಳಲ್ಲಿ ಕೇಸಿನ ಬಣ್ಣದ ದೀಪ ಆರಿಸಿಡಿ, ಇಲ್ಲದಿದ್ದರೆ ಬೆಳಗ್ಗೆ ಮೇಲಿನ ಜಾಳಿಗೆಯೆಲ್ಲ ಉದುರಿದ ರೆಕ್ಕೆ.

ಪ್ರೊಸೆಸರಿಗೂ ಕೂಲರಿಗೂ ನಡುವಿನ ಥರ್ಮಲ್ ಪೇಸ್ಟ್ ಬದಲಿಸುವವರಿಗೆ, 5700ಎಕ್ಸ್ ಕೂರುವ ಎಎಂ4 ಸಾಕೆಟ್ಟಿನ ಅಪಾಯ ಗೊತ್ತಿರಲಿ. ಇದರಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲೇ ಇರುತ್ತವೆ, ಮೇಲಿಂದ ಬಿಗಿಹಿಡಿಯುವ ಚೌಕಟ್ಟು ಇಲ್ಲ. ಒಣಗಿದ ಪೇಸ್ಟ್ ಅಂಟಿಕೊಂಡಿರುವಾಗ ಕೂಲರನ್ನು ನೆಟ್ಟಗೆ ಎಳೆದರೆ ಪ್ರೊಸೆಸರ್ ಲಾಕ್ ಆಗಿದ್ದರೂ ಕಿತ್ತುಕೊಂಡು ಬಂದು ಪಿನ್ ಬಾಗುತ್ತವೆ. ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ, ಬಂದ್ ಮಾಡಿ ವೈರ್ ತೆಗೆಯಿರಿ. ಸ್ಕ್ರೂ ಬಿಚ್ಚಿ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ, ಸಡಿಲವಾದ ಮೇಲೆಯೇ ಎತ್ತಿ. ಹೊಸ ಪೇಸ್ಟ್ ನಡುವೆ ಒಂದು ಬಟಾಣಿಯಷ್ಟು ಸಾಕು.

ಪವರ್ ಸಪ್ಲೈಯ ಫ್ಯಾನ್ ಮುಖವನ್ನು ತೂತಿನ ಪ್ಯಾನೆಲ್ ಕಡೆ ಇಡಿ, ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಕೇಬಲ್ ಉದ್ದ ಹೆಚ್ಚಾಗಿ ಕಾರ್ಡಿನ ಮುಂದೆ ಗಂಟು ಬಿದ್ದರೆ ಗಾಳಿಗೆ ಅಡ್ಡ, ಗಿಡ್ಡ ಕೇಬಲ್ ಸೆಟ್ ತರಿಸುವುದು ಒಳ್ಳೆಯದು. ಒಂದು ಎಚ್ಚರ ಮಾತ್ರ: ಬೇರೆ ಪವರ್ ಸಪ್ಲೈಯ ಬಿಡಿ ಕೇಬಲ್ ಎಂದಿಗೂ ಚುಚ್ಚಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆ ಇರುತ್ತದೆ, ಬೋರ್ಡ್, ಡ್ರೈವ್ ಸುಟ್ಟುಹೋಗುತ್ತವೆ. ಎಸ್‌ಎಸ್‌ಡಿ ಡ್ರೈವ್ ಹಾಕುವ, ಬೋರ್ಡಿನ ಹಿಂಬದಿಯ ಎಂ.2 ಸ್ಲಾಟಿಗೆ ಗಾಳಿ ತಲುಪುವುದಿಲ್ಲ. ವೇಗದ ಜೆನ್ 4 (ಪಿಸಿಐಇ ಸಂಪರ್ಕದ ನಾಲ್ಕನೇ ಪೀಳಿಗೆ) ಡ್ರೈವನ್ನು ಮುಂದೆ ಹೀಟ್‌ಸಿಂಕ್ ಕೆಳಗೆ ಹಾಕಿ, ಹಿಂದೆ ತಣ್ಣಗಿರುವ ಜೆನ್ 3 ಡ್ರೈವ್ ಇರಲಿ.

ಎನ್‌ಆರ್200ಪಿ ಜೊತೆ ಕಾರ್ಡನ್ನು ನೆಟ್ಟಗೆ ನಿಲ್ಲಿಸುವ ರೈಸರ್ ಕೇಬಲ್ಲೂ ಬರುತ್ತದೆ. ನಿಲ್ಲಿಸಿದರೆ ಪ್ರೊಸೆಸರ್ ಕೂಲರ್ ಎತ್ತರ 76 ಮಿ.ಮೀ.ಗೆ ಇಳಿಯುತ್ತದೆ, ಥರ್ಮಲ್‌ರೈಟ್ ಎಎಕ್ಸ್‌ಪಿ120-ಎಕ್ಸ್67 ಅಥವಾ 70 ಮಿ.ಮೀ.ಯ ನೋಕ್ಟುವಾ ಎನ್‌ಎಚ್-ಎಲ್12ಎಸ್ ಥರದ ಚಪ್ಪಟೆ ಕೂಲರ್ ಮಾತ್ರ ಹೊಂದುತ್ತದೆ. ತೂತಿನ ಪ್ಯಾನೆಲ್ ಹಾಕಿದರೆ ಕಾರ್ಡ್ ನೇರ ಹೊರಗಿನ ಗಾಳಿ ಕುಡಿಯುತ್ತದೆ, ಚೆನ್ನಾಗಿಯೇ ತಣಿಯುತ್ತದೆ. ಗಾಜು ಹಾಕಿದರೆ ಕಾರ್ಡಿನ ಮೂಗು ಮುಚ್ಚಿದ ಹಾಗೆ, ನೋಟಕ್ಕೆ ಚೆಂದ ಎಂದು ನಮ್ಮ ಸೆಕೆಯಲ್ಲಿ ಅದನ್ನು ಮಾಡಬೇಡಿ. ಆ ರೈಸರ್ ಪಿಸಿಐಇ 3.0, ಅಂದರೆ ಜೆನ್ 3 ದರ್ಜೆಯದು. ಜೆನ್ 4 ಬೋರ್ಡಿಗೆ ಚುಚ್ಚಿ ಪರದೆ ಕಪ್ಪಾಗಿಯೇ ಉಳಿದರೆ ಕಾರ್ಡನ್ನು ನೇರ ಸ್ಲಾಟಿಗೆ ಹಾಕಿ, ಬಯೋಸ್‌ಗೆ ಹೋಗಿ ಸ್ಲಾಟನ್ನು ಜೆನ್ 3ಕ್ಕೆ ಇಟ್ಟು ಉಳಿಸಿ, ಆಮೇಲೆ ರೈಸರ್ ಜೋಡಿಸಿ.